ಪಾಠದಲ್ಲಿ ತೋರಿಸಿದ ಹಾಗೇ ಸೂಜಿ ಹಾಕಿದ್ದೇನೆ, ಆದರೂ ಹೊಲಿಗೆ ಹಾರಿ ಹಾರಿ ಬೀಳುತ್ತಿದೆ

ಡೊಂಬಿವಲಿಯ ಹೊಸಬಳು:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೂತು ಹೊಲಿಗೆ ಕಲಿಯುವ ಕೋರ್ಸಿಗೆ ಸೇರಿದ್ದೇನೆ. ಪಾಠ ಫೋನಿಗೆ ಬರುತ್ತದೆ, ಹೊಲಿದದ್ದರ ಫೋಟೋ ನಾವು ಕಳಿಸಬೇಕು. ಮೆಷಿನ್ ಅತ್ತೆಯವರದು, ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮೆಷಿನ್. ದಾದರ್‌ನ ಹಿಂದ್‌ಮಾತಾದಿಂದ ತಂದ ಕಾಟನ್ ಮೇಲೆ ನೇರ ಹೊಲಿಗೆ ಹಾಕಿದರೆ ನಡುನಡುವೆ ಹಾರಿಹೋಗುತ್ತದೆ. ಮೇಲಿನ ದಾರ ಆಗಾಗ ಕಡಿಯುತ್ತದೆ. ಬಟ್ಟೆ ತಿರುಗಿಸಿ ನೋಡಿದರೆ ಕೆಳಗೆ ದಾರದ ಗೂಡು! ಟೀಚರಿಗೆ ಫೋಟೋ ಕಳಿಸಿದರೆ "ಟೆನ್ಶನ್ ಸರಿ ಮಾಡಿಕೊಳ್ಳಿ" ಎಂದಷ್ಟೇ ಉತ್ತರ. ಟೆನ್ಶನ್ ಅಂದರೆ ದಾರದ ಬಿಗಿ ಎಂದು ಗೊತ್ತು, ಆದರೆ ಯಾವ ದಾರದ್ದು, ಯಾವ ಕಡೆಗೆ, ಎಷ್ಟು? ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಕೇಸಿನ ಮೇಲಿರುವ ಸ್ಕ್ರೂ ತಿರುಗಿಸಲಾ?

ಕೋಥ್ರೂಡ್ ಕತ್ತರಿ:
ಸ್ವಲ್ಪ ಬಿಗಿ ಮಾಡಿ ನೋಡಿ. ನಮ್ಮ ಮೆಷಿನ್ ಒಮ್ಮೆ ಹಾಗೇ ಸರಿಹೋಗಿತ್ತು.

ಮಾಪ್ಸಾ ಮೆಷಿನ್ ರಿಪೇರಿ:
ಸದ್ಯಕ್ಕೆ ಆ ಸ್ಕ್ರೂ ಮುಟ್ಟಬೇಡಿ ಅಕ್ಕಾ. ಕೆಳಗೆ ಗೂಡು ಕಟ್ಟಿತು ಅಂದರೆ ಎಲ್ಲರೂ ಬಾಬಿನ್ನನ್ನೇ ಬೈಯುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ಮೇಲಿನ ದಾರದಲ್ಲಿ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ ಹಳೆ ಪಂಚೆಯ ತುಂಡಿನ ಮೇಲೆ ಹೊಲಿಯಿರಿ. ಗೂಡಿನಲ್ಲಿ ಕೆಂಪು ಜಾಸ್ತಿ ಕಂಡರೆ ಮೇಲಿನ ದಾರಕ್ಕೆ ಹಿಡಿತ ಸಿಕ್ಕಿಲ್ಲ ಎಂದು ಲೆಕ್ಕ. ತುಂಡಿನ ಎರಡೂ ಬದಿಯ ಫೋಟೋ ಹಾಕಿ. ಒಂದೇ ಬಣ್ಣದ ದಾರವಾದರೆ ದೂರದಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಟೀಚರಿಗೂ ಗೊತ್ತಾಗಿರಲಿಕ್ಕಿಲ್ಲ, ಪಾಪ.

ಇನ್ನೊಂದು ಮಾತು. ವಿಡಿಯೋದಲ್ಲಿ ಇರುವುದೂ ನಿಮ್ಮ ಥರದ ಮೆಷಿನ್ನೇನಾ?

ಡೊಂಬಿವಲಿಯ ಹೊಸಬಳು:
ಗೂಡು ಪೂರ್ತಿ ಕೆಂಪು. ಫೋಟೋ ಹಾಕಿದ್ದೇನೆ. ವಿಡಿಯೋದಲ್ಲಿ ಇರುವುದು ಕರೆಂಟಿನ ಬಿಳಿ ಮೆಷಿನ್, ಝಿಗ್‌ಝ್ಯಾಗ್ ಬರುವಂಥದ್ದು. ಸೂಜಿಯ ಚಪ್ಪಟೆ ಭಾಗ ಹಿಂದಕ್ಕಿರಲಿ ಎಂದಿದ್ದರು, ಹಾಗೇ ಹಾಕಿದ್ದೇನೆ.

ಮಾಪ್ಸಾ ಮೆಷಿನ್ ರಿಪೇರಿ:
ಸಿಕ್ಕಿತು ನೋಡಿ. ಆ ಬಿಳಿ ಮೆಷಿನ್‌ಗಳಲ್ಲಿ ಸೂಜಿಗೆ ದಾರ ಮುಂದಿನಿಂದ ಪೋಣಿಸುವುದು. ಹಳೆಯ ಕಪ್ಪು ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಪಕ್ಕದಿಂದ. ಕೋರ್ಸು ಮಾಡುವವರು ತಮ್ಮ ಮೆಷಿನ್ನೇ ಊರಿಗೆಲ್ಲ ಇದೆ ಅಂದುಕೊಂಡು ಪಾಠ ಹೇಳುತ್ತಾರೆ.

ಸೂಜಿ ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಉಗುರಿನಿಂದ ಮೇಲಿನಿಂದ ಕಣ್ಣಿನ ತನಕ ಸವರಿ. ಒಂದು ಬದಿಯಲ್ಲಿ ಉದ್ದಕ್ಕೂ ಗೀರು ಇರುತ್ತದೆ, ಉಗುರು ಅದರಲ್ಲೇ ಜಾರುತ್ತದೆ. ಎದುರು ಬದಿಯಲ್ಲಿ ಮೇಲೆ ಚಪ್ಪಟೆ, ಕಣ್ಣಿನ ಹತ್ತಿರ ಸಣ್ಣ ತಗ್ಗು. ದಾರ ಗೀರಿನೊಳಗೆ ಇಳಿಯುತ್ತದೆ. ಸೂಜಿ ಕೆಳಗೆ ಹೋಗಿ ಚೂರೇ ಮೇಲೇಳುವಾಗ ತಗ್ಗಿನ ಕಡೆ ದಾರದ ಪುಟ್ಟ ಕುಣಿಕೆ ಉಬ್ಬುತ್ತದೆ. ಅದನ್ನು ಕೆಳಗಿನ ಕೊಕ್ಕೆ ಹಿಡಿದರೆ ಹೊಲಿಗೆ ಬೀಳುತ್ತದೆ, ಹಿಡಿಯದಿದ್ದರೆ ಹಾರುತ್ತದೆ. ನಿಮ್ಮ ಸೂಜಿ ಕಾಲು ಸುತ್ತು ತಿರುಗಿ ನಿಂತಿದೆ. ಕುಣಿಕೆ ಒಂದು ಕಡೆ, ಕೊಕ್ಕೆ ಇನ್ನೊಂದು ಕಡೆ.

ಸೂಜಿಯ ಕೆಳಗಿನ ಜಾರುವ ತಗಡು ಸರಿಸಿ, ಚಕ್ರವನ್ನು ಕೈಯಲ್ಲಿ ನಿಧಾನವಾಗಿ ನಿಮ್ಮ ಕಡೆಗೆ ತಿರುಗಿಸಿ. ಕೊಕ್ಕೆ ಸೂಜಿಯ ಯಾವ ಬದಿಯಲ್ಲಿ ಹಾಯುತ್ತದೋ ಚಪ್ಪಟೆ ಭಾಗ ಆ ಕಡೆಗಿರಲಿ. ದಾರ ಗೀರಿನ ಕಡೆಯಿಂದ ಪೋಣಿಸಿ. ಸೂಜಿಯನ್ನು ಮೇಲೆ ತಾಗುವ ತನಕ ಏರಿಸಿಯೇ ಸ್ಕ್ರೂ ಬಿಗಿ ಮಾಡಿ.

ಗೂಡಿಗೆ ಬೇರೆ ಔಷಧಿ. ದಾರ ಹಾಕುವಾಗ ಪ್ರೆಸರ್ ಫೂಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಕಾಲು, ಎತ್ತಿರಬೇಕು. ಇಳಿಸಿದ್ದರೆ ಟೆನ್ಶನ್ ಬಿಲ್ಲೆಗಳು ಕಚ್ಚಿಕೊಂಡಿರುತ್ತವೆ, ದಾರ ನಡುವೆ ಕೂರುವುದಿಲ್ಲ. ಆಮೇಲೆ ಟೆನ್ಶನ್ ಎಷ್ಟು ತಿರುಗಿಸಿದರೂ ಸುಮ್ನೆ. ಹೊಲಿಯಲು ಶುರು ಮಾಡುವಾಗ ಎರಡೂ ದಾರದ ತುದಿ ಹಿಂದಕ್ಕೆ ಎಳೆದು ಹಿಡಿಯಿರಿ.

ಮಾಮೂಲಿ ಕಾಟನ್‌ಗೆ 14 ನಂಬರ್ ಸೂಜಿ, ತೆಳು ಅಸ್ತರಿಗೆ 11. ಪ್ಯಾಕೆಟ್ ಮೇಲೆ 90/14, 75/11 ಎಂದಿರುತ್ತದೆ. ಚಪ್ಪಟೆ ಭಾಗವೇ ಇಲ್ಲದ ಗುಂಡು ಬುಡದ ಸೂಜಿ ಕೊಟ್ಟರೆ ಬೇಡ ಅನ್ನಿ. ಅದು ಕಾರ್ಖಾನೆಯ ಮೆಷಿನ್‌ಗಳಿಗೆ.

ಡೊಂಬಿವಲಿಯ ಹೊಸಬಳು:
ಸರ್, ಹೊಲಿಗೆ ಸಾಲಾಗಿ ಬೀಳುತ್ತಿದೆ! ಅತ್ತೆಯವರೇ ಬಂದು ನೋಡಿ ಹೋದರು. ಧೈರ್ಯ ಬಂದು ಕುರ್ತಿಯನ್ನೂ ಹೊಲಿದುಬಿಟ್ಟೆ. ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಕಡೆಗೆ ಬಂದಿದೆ. ಇದೂ ಸೂಜಿಯ ಕಾಟವಾ?

ಕೋಥ್ರೂಡ್ ಕತ್ತರಿ:
ಇದು ಕಟಿಂಗಿನದು. ಇಲ್ಲಿ ನಾನು ಹೇಳಬಹುದು :) ಹೊಸ ಕಾಟನ್ನನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಅಂಗಡಿಯವರು ಕತ್ತರಿಯಲ್ಲಿ ಕೊಟ್ಟ ಅಂಚನ್ನು ನಂಬಬೇಡಿ, ಎಷ್ಟೋ ಸಲ ಓರೆ ಇರುತ್ತದೆ. ಅಂಚಿನಿಂದ ಒಂದೇ ಒಂದು ಅಡ್ಡ ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆ ಸುಕ್ಕಾಗುತ್ತಾ ಹೋಗಿ ಎಳೆ ಹೊರಬಂದ ಮೇಲೆ ತೆಳ್ಳನೆ ಗೆರೆ ಉಳಿಯುತ್ತದೆ. ಆ ಗೆರೆಯ ಮೇಲೆ ಕತ್ತರಿಸಿ. ಆಮೇಲೆ ಪ್ಯಾಟರ್ನಿನ ಬಾಣದ ಗುರುತು ಬಟ್ಟೆಯ ಗಟ್ಟಿ ಅಂಚಿಗೆ ಸಮಾನವಾಗಿ ಕೂರಬೇಕು. ಬಾಣದ ಎರಡೂ ತುದಿಯಿಂದ ಟೇಪ್ ಹಿಡಿದು ಅಳೆಯಿರಿ. ಬಟ್ಟೆ ಉಳಿಸಲಿಕ್ಕೆ ಪ್ಯಾಟರ್ನ್ ಓರೆ ಇಟ್ಟರೆ ಒಗೆದ ಮೇಲೆ ಹೀಗೇ ಆಗುವುದು.

ಈ ಕುರ್ತಿ ಇನ್ನು ನೇರ ಆಗಲ್ಲ. ಅದರಲ್ಲಿ ಗುಂಡಿ, ಕಾಜಾ ಹಾಕಿ ಕಲಿಯಿರಿ.

ಡೊಂಬಿವಲಿಯ ಹೊಸಬಳು:
ಆಯ್ತು ಅಕ್ಕಾ. ಇದು ಮುಗಿದ ಮೇಲೆ ಸರ್ಕಾರದ ಸರ್ಟಿಫಿಕೇಟ್ ಸಿಗುವಂಥ ಕೋರ್ಸು ದೂರದಿಂದಲೇ ಮಾಡಬಹುದಾ?

ಕೋಥ್ರೂಡ್ ಕತ್ತರಿ:
ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಇದೆ, ಅದರ ವೃತ್ತಿ ಕೋರ್ಸುಗಳಲ್ಲಿ ಕಟಿಂಗ್-ಟೈಲರಿಂಗ್ ಇದೆ. ಪುಸ್ತಕ ಮನೆಯಲ್ಲಿ ಓದಬಹುದು, ಪ್ರಾಕ್ಟಿಕಲ್‌ಗೆ ಮಾತ್ರ ಅವರು ಮಾನ್ಯ ಮಾಡಿದ ಕೇಂದ್ರಕ್ಕೆ ಹೋಗಬೇಕು. ದುಡ್ಡು ಕಟ್ಟುವ ಮೊದಲು ಹತ್ತಿರದಲ್ಲಿ ಕೇಂದ್ರ ಇದೆಯಾ ವಿಚಾರಿಸಿ. ಲೋಕಲ್‌ನಲ್ಲಿ ನೇತಾಡಿಕೊಂಡು ಠಾಣೆ ದಾಟಿ ಹೋಗುವ ಹಾಗಿದ್ದರೆ ನಾನಂತೂ ಬೇಡ ಅನ್ನುತ್ತೇನೆ.

ವಾಸ್ಕೋ ದಾರದುಂಡೆ:
ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನನಗೂ ಹೊಲಿಗೆ ಹಾರುತ್ತಿದೆ. ಬನಿಯನ್ ಥರ ಎಳೆಯುವ ಬಟ್ಟೆಯ ಮೇಲೆ ಮಾತ್ರ. ಸೂಜಿ ಸರಿಯಾಗೇ ಇದೆ.

ಮಾಪ್ಸಾ ಮೆಷಿನ್ ರಿಪೇರಿ:
ಆ ಬಟ್ಟೆಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಬೇಕು, ಅಂಗಡಿಯಲ್ಲಿ ಹಾಗೇ ಕೇಳಿ. ಅದು ಹಾಕಿಯೂ ಹಾರಿದರೆ ಇಲ್ಲಿ ಬೇರೆ ಚರ್ಚೆ ಶುರು ಮಾಡಿ. ಎರಡು ಬಣ್ಣದ ದಾರದಲ್ಲಿ ಹೊಲಿದು ಎರಡೂ ಬದಿಯ ಫೋಟೋ ಹಾಕಿ, ಮೆಷಿನ್ನಿನದೂ ಒಂದು ಇರಲಿ.