ಪದಚರ್ಚೆ: ‘ದಿಶಾತ್ಮಕ ತೀವ್ರತೆ’ ಸರಿಯೇ?

ಪ್ರಶ್ನೆ: ಒಂದೇ ಬಲದ ಸದ್ದು ಎದುರಿನಿಂದ ಬಂದಾಗ ಒಂದು ಬಗೆ, ಪಕ್ಕದಿಂದಲೋ ಹಿಂದಿನಿಂದಲೋ ಬಂದಾಗ ಅದಕ್ಕಿಂತ ಹೆಚ್ಚು ಇಲ್ಲವೇ ಕಡಿಮೆ ಜೋರಾಗಿ ಕೇಳುತ್ತದೆ. ಇದಕ್ಕೆ ‘ಧ್ವನಿಯ ದಿಶಾತ್ಮಕ ತೀವ್ರತೆ’ ಎನ್ನಬಹುದೇ?

ಉತ್ತರ: ಬೇಡ. ಎರಡು ಪದಗಳೂ ದಾರಿ ತಪ್ಪಿಸುತ್ತವೆ.

ಭೌತವಿಜ್ಞಾನದಲ್ಲಿ ‘ತೀವ್ರತೆ’ಗೆ ಆಗಲೇ ಒಂದು ಕೆಲಸವಿದೆ: ಒಂದು ಚದರ ಮೀಟರಿನಲ್ಲಿ ಹಾಯುವ ಸದ್ದಿನ ಸಾಮರ್ಥ್ಯ, ವ್ಯಾಟ್ ಲೆಕ್ಕದಲ್ಲಿ. ಸದ್ದಿನ ಮಾಪಕ ತೋರಿಸುವುದು ಒತ್ತಡಮಟ್ಟ, ಡೆಸಿಬೆಲ್‌ನಲ್ಲಿ. ಕೇಳುವವರಿಗೆ ಎಷ್ಟು ಜೋರು ಅನ್ನಿಸಿತು ಎನ್ನುವುದು ಮೂರನೆಯ ಸಂಗತಿ. ನೀವು ಹೇಳಹೊರಟಿರುವುದೇ ಮೊದಲೆರಡು ಬದಲಾಗದೆ ಮೂರನೆಯದು ಬದಲಾಗುತ್ತದೆ ಎಂದು. ಅಲ್ಲಿ ‘ತೀವ್ರತೆ’ ಬಳಸಿದರೆ ವಾಕ್ಯ ತನ್ನನ್ನೇ ಅಲ್ಲಗಳೆಯುತ್ತದೆ.

ಮೂರನೆಯದಕ್ಕೆ ‘ಗಟ್ಟಿತನ’ ಒಳ್ಳೆಯದು. ‘ಗಟ್ಟಿಯಾಗಿ ಹೇಳು’ ಎನ್ನುವಾಗಿನ ಗಟ್ಟಿ ಇದೇ. ‘ಜೋರು’ ಮಾತಿಗೆ ಸರಿ, ಆದರೆ ಓಟಕ್ಕೂ ಮಳೆಗೂ ಅದೇ. ‘ಏರುದನಿ’ ಎಂದರೆ ಸ್ಥಾಯಿ ಏರಿತೋ ಗಟ್ಟಿಯಾಯಿತೋ ತಿಳಿಯದು. ‘ಘೋಷ’ ಬೇಡವೇ ಬೇಡ: ವ್ಯಾಕರಣದಲ್ಲಿ ‘ಗ್’ ಘೋಷ, ‘ಕ್’ ಅಘೋಷ.

ಇನ್ನು ‘ದಿಶಾತ್ಮಕ’. ಒಂದೇ ಕಡೆಯ ಸದ್ದನ್ನು ಹೆಚ್ಚು ಹಿಡಿಯುವ ಮೈಕನ್ನು ಹಾಗೆನ್ನುತ್ತಾರೆ. ಅದು ಉಪಕರಣದ ಗುಣ. ಇಲ್ಲಿ ವ್ಯತ್ಯಾಸ ಹುಟ್ಟುವುದು ಕೇಳುಗರ ತಲೆ ಮತ್ತು ಹೊರಗಿವಿಯಿಂದ. 400 ಹರ್ಟ್ಸ್ ಸದ್ದಿನ ಅಲೆಯುದ್ದ ಸುಮಾರು 86 ಸೆಂ.ಮೀ.; ಅದು ತಲೆಯನ್ನು ಬಳಸಿಕೊಂಡು ಹೋಗಿಬಿಡುತ್ತದೆ. 5,000 ಹರ್ಟ್ಸ್‌ಗೆ ಬರೀ 7 ಸೆಂ.ಮೀ.; ತಲೆಯ ಆಚೆ ‘ನೆರಳು’ ಬೀಳುತ್ತದೆ. ಪಕ್ಕದಿಂದ ಬಂದ ಸದ್ದು ಹತ್ತಿರದ ಕಿವಿಗೆ ಹೆಚ್ಚಿ ಆಚೆಯ ಕಿವಿಗೆ ತಗ್ಗುತ್ತದೆ, ಆದರೆ ಏರಿಳಿತ ಒಂದಕ್ಕೊಂದು ವಜಾ ಆಗಲೇಬೇಕೆಂದಿಲ್ಲ. ಸಿವೊನೆನ್ ಮತ್ತು ಎಲ್ಲರ್‌ಮೈಯರ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ, ಪ್ರತಿಧ್ವನಿಯಿಲ್ಲದ ಕೋಣೆಯ ಪ್ರಯೋಗದಲ್ಲಿ ದಿಕ್ಕಿನಿಂದಾದ ಗಟ್ಟಿತನದ ವ್ಯತ್ಯಾಸ 10 ಡೆಸಿಬೆಲ್ ಒತ್ತಡಮಟ್ಟಕ್ಕೆ ಸಮನಾಗುವವರೆಗೂ ಇತ್ತು. ಆಳಿನಿಂದಾಳಿಗೆ ಬೇರೆಯೂ ಆಗಿತ್ತು, ಬಹುಮಟ್ಟಿಗೆ ತಲೆ-ಕಿವಿಗಳ ಆಕಾರದಿಂದಾಗಿ.

ಓದುಗರಿಗೆ ಪರೀಕ್ಷೆ ಸೂಚಿಸುವಿರಾದರೆ: ಮೊಬೈಲನ್ನು ಕಿವಿಯೆತ್ತರಕ್ಕೆ, ಒಂದು ಮೀಟರ್ ದೂರದಲ್ಲಿ ನಿಲ್ಲಿಸಿ, ‘ಸ್ಸ್’ ಎನ್ನುವ ಸದ್ದು ಹಾಕಿ, ತಿರುಗುವ ಸ್ಟೂಲಿನ ಮೇಲೆ ಕೂತು ಕಣ್ಣುಮುಚ್ಚಿ ಮೆಲ್ಲಗೆ ಸುತ್ತಬೇಕು. ಮೊಬೈಲನ್ನೇ ತಿರುಗಿಸಿದರೆ ಅಳೆದದ್ದು ಅದರ ಸ್ಪೀಕರಿನ ಗುಣವಾಗುತ್ತದೆ. ಬರಿಗೋಡೆಯ ಕೋಣೆಯಲ್ಲಿ ಪ್ರತಿಫಲನ ಎಲ್ಲ ಕಡೆಯಿಂದ ಬಂದು ವ್ಯತ್ಯಾಸವನ್ನು ನುಂಗುತ್ತದೆ, ಬಯಲು ಮೇಲು.

ಹಾಗಾಗಿ ಓಡುವ ಬರಹದಲ್ಲಿ ‘ದಿಕ್ಕಿಗೆ ತಕ್ಕ ಗಟ್ಟಿತನ’, ಕೋಷ್ಟಕದ ತಲೆಬರಹದಲ್ಲಿ ‘ದಿಕ್ಕುವಾರು ಗಟ್ಟಿತನ’. ಜಿಲ್ಲಾವಾರು ಇದ್ದ ಹಾಗೆ. ಬರೀ ‘ಸದ್ದಿನ ದಿಕ್ಕು’ ಎಂದರೆ ಹೋಗುವ ದಿಕ್ಕೂ ಆಗಬಹುದು, ‘ಸದ್ದು ಬಂದ ದಿಕ್ಕು’ ಎಂದೇ ಬರೆಯಿರಿ. ಮಾದರಿ: “ಎರಡೂ ಸದ್ದುಗಳ ಒತ್ತಡಮಟ್ಟ 65 ಡೆಸಿಬೆಲ್, ಬಂದ ದಿಕ್ಕು ಬೇರೆಯಾದ್ದರಿಂದ ಗಟ್ಟಿತನ ಬೇರೆ.”

ಗಟ್ಟಿತನದ ಮಟ್ಟದ ಏಕಮಾನವನ್ನು ‘ಫಾನ್’ ಎಂದು ಬರೆಯುವುದು ಕ್ಷೇಮ. ‘ಫೋನ್’ ಎಂದರೆ ಓದುಗರ ಕೈ ಜೇಬಿಗೆ ಹೋಗುತ್ತದೆ. ಅದರ ವ್ಯಾಖ್ಯೆಯಲ್ಲಿ ‘ಎದುರಿನಿಂದ ಬರುವ 1,000 ಹರ್ಟ್ಸ್ ಸ್ವರ’ ಎಂಬ ಮಾತಿದೆ. ಅನುವಾದದಲ್ಲಿ ‘ಎದುರಿನಿಂದ’ ಬಿಟ್ಟುಹೋಗದಂತೆ ನೋಡಿಕೊಳ್ಳಿ.