ಹಳೆಯ ಪಿಕಪ್‌ನ ಹೈಡ್ರಾಲಿಕ್ ಕ್ಲಚ್: ಗೇರ್‌ಬಾಕ್ಸ್ ಇಳಿಸುವ ಮುನ್ನ ದೋಷ ಎಲ್ಲಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ (ಸಕಲೇಶಪುರದಿಂದ):

ನಮಸ್ಕಾರ. ನಮ್ಮ ಬಳಿ 2008ರ ಮಾದರಿಯ ಡೀಸೆಲ್ ಪಿಕಪ್ ಇದೆ. ಕಾಫಿ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಹತ್ತುವುದೇ ಅದರ ಕೆಲಸ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗೇರುಗಳೆಲ್ಲ ಸಲೀಸಾಗಿ ಬೀಳುತ್ತವೆ. ಘಾಟಿ ಹತ್ತಿ ಗಾಡಿ ಕಾದ ಮೇಲೆ ಒಂದನೇ ಗೇರ್ ಬಿಗಿಯಾಗುತ್ತದೆ, ರಿವರ್ಸ್ ಹಾಕಲು ಹೋದರೆ ಕರಕರ ಸದ್ದು ಬರುತ್ತದೆ. ಪೆಡಲನ್ನು ಬೇಗಬೇಗನೆ ಎರಡು ಮೂರು ಸಲ ತುಳಿದರೆ ಸರಿಹೋಗುತ್ತದೆ. ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿದಿಲ್ಲ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ಟನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ಹೊರಗಿನಿಂದಲೇ ಪರೀಕ್ಷಿಸುವ ಬಗೆ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:

ಗೇರ್‌ಬಾಕ್ಸಿಗೆ ಸದ್ಯಕ್ಕೆ ಕೈಹಚ್ಚಬೇಡಿ. ಪೆಡಲನ್ನು ಮತ್ತೆ ಮತ್ತೆ ತುಳಿದಾಗ ತೊಂದರೆ ಮಾಯವಾಗುತ್ತದೆ ಎಂದ ಮೇಲೆ ಅನುಮಾನ ಮೊದಲು ಹೋಗಬೇಕಾದದ್ದು ಹೈಡ್ರಾಲಿಕ್ ಭಾಗದ, ಅಂದರೆ ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಭಾಗದ ಕಡೆಗೆ. ಸವೆದ ಕ್ಲಚ್ ಪ್ಲೇಟಾಗಲಿ, ಕ್ಲಚ್ಚನ್ನು ಬಿಡಿಸುವ ಸನ್ನೆಯಾದ ಫೋರ್ಕ್ ಬಾಗಿದ್ದಾಗಲಿ ನಾಲ್ಕು ಸಲ ತುಳಿದ ಮಾತ್ರಕ್ಕೆ ಸರಿಯಾಗುವಂಥವಲ್ಲ. ಇನ್ನೊಂದು ಮಾತು: ಪ್ಲೇಟ್ ಸವೆದರೆ ಸಾಮಾನ್ಯವಾಗಿ ಕ್ಲಚ್ ಜಾರುತ್ತದೆ, ಅಂದರೆ ಏರಿನಲ್ಲಿ ಎಂಜಿನ್ ಸದ್ದು ಹೆಚ್ಚಿದರೂ ಗಾಡಿಯ ವೇಗ ಹೆಚ್ಚುವುದಿಲ್ಲ. ನಿಮ್ಮದು ಅದಕ್ಕೆ ವಿರುದ್ಧವಾದ, ಕ್ಲಚ್ ಪೂರ್ತಿ ಬಿಡದಿರುವ ತೊಂದರೆ.

ಮೊದಲು ಕ್ಯಾಬಿನ್ನಿನೊಳಗೆ ಪೆಡಲಿನ ಮೇಲ್ಭಾಗದಲ್ಲಿ, ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಸಿಲಿಂಡರ್) ರಾಡ್ ಒಳಹೋಗುವ ಕಡೆ ಬೆರಳಾಡಿಸಿ ಒದ್ದೆಯಿದೆಯೇ ನೋಡಿ. ಬಳಿಕ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಪಕ್ಕದಲ್ಲಿರುವ, ಆ ಆಯಿಲಿನ ಒತ್ತಡದಿಂದ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿ; ಸೋರಿದ ಆಯಿಲ್ ಕೆಳಗೆ ತೊಟ್ಟಿಕ್ಕದೆ ಬೂಟಿನೊಳಗೇ ನಿಂತಿರುವುದುಂಟು. ಎರಡೂ ಒಣಗಿದ್ದರೆ ಮುಖ್ಯ ಪರೀಕ್ಷೆ ಮಾಡಿ. ಗಾಡಿ ಕಾದಿರುವಾಗಲೇ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಒಬ್ಬರು ಪೆಡಲನ್ನು ತಳದವರೆಗೆ ತುಳಿದು ಹಿಡಿದುಕೊಳ್ಳಲಿ. ಇನ್ನೊಬ್ಬರು ಸ್ಲೇವ್ ರಾಡ್ ಎಷ್ಟು ಮಿಲಿಮೀಟರ್ ಸರಿಯಿತು, ಸರಿದಲ್ಲೇ ನಿಂತಿತೇ ಎಂದು ಸ್ಕೇಲಿಟ್ಟು ನೋಡಲಿ. ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸರಿದು ಅಲ್ಲೇ ನಿಂತೂ ಗೇರ್ ಬೀಳದಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ ನೋಡಬೇಕಾದ ಫೋರ್ಕ್, ಪ್ರೆಶರ್ ಪ್ಲೇಟ್, ಪೈಲಟ್ ಬೇರಿಂಗುಗಳ ಸರದಿ ಬರುತ್ತದೆ.

ಪ್ರಶ್ನೆ ಕೇಳಿದವರು:

ತಾವು ಹೇಳಿದಂತೆ ನೋಡಿದೆವು. ಎರಡು ಕಡೆಯೂ ಒಣಗಿದೆ. ತಣ್ಣಗಿದ್ದಾಗ ರಾಡ್ 14 ಮಿ.ಮೀ. ಸರಿದು ನಿಲ್ಲುತ್ತದೆ. ಕಾದಾಗ ಮೊದಲಿಗೆ ಅಷ್ಟೇ ಸರಿದರೂ, ಪೆಡಲ್ ತುಳಿದೇ ಹಿಡಿದಿದ್ದರೂ ರಾಡ್ ನಿಧಾನವಾಗಿ ಹಿಂದಕ್ಕೆ ಬರುತ್ತದೆ.

ಉತ್ತರ 1:

ಹಾಗಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಒತ್ತಡದಲ್ಲಿರುವ ಆಯಿಲ್ ವಾಷರಿನ ಅಂಚನ್ನು ದಾಟಿ ತಿರುಗಿ ಡಬ್ಬಿಗೇ ಸೇರುತ್ತದೆ. ಮಟ್ಟ ಇಳಿಯದಿರುವುದಕ್ಕೂ ಹೊರಗೆ ಹನಿ ಕಾಣದಿರುವುದಕ್ಕೂ ಅದೇ ಕಾರಣ. ಖಚಿತಪಡಿಸಿಕೊಳ್ಳಬೇಕೆಂದರೆ ಮಾಸ್ಟರಿನಿಂದ ಹೊರಡುವ ಪೈಪನ್ನು ಬಿಚ್ಚಿ, ಆ ರಂಧ್ರಕ್ಕೆ ಅದೇ ಅಳತೆಯ ಬಿರಡೆ ಬಿಗಿದು, ಗಾಳಿ ತೆಗೆದು ಪೆಡಲ್ ತುಳಿಯಿರಿ. ಪೆಡಲ್ ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿಯಿದೆ, ಮೆಲ್ಲಗೆ ಕುಸಿದರೆ ದೋಷ ಅದರಲ್ಲೇ ಇದೆ.

ಉತ್ತರ 2 (ಅಮೆರಿಕದಿಂದ):

ಸ್ಲೇವ್ ಹೊರಗಿರುವುದು ತಮ್ಮ ಪುಣ್ಯ. ಇಲ್ಲಿ ನಾನು ಓಡಿಸುವ 1990ರ ದಶಕದ ಫೋರ್ಡ್ ರೇಂಜರಿನಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೆ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಸುತ್ತುವರಿದು ಕುಳಿತಿರುತ್ತದೆ; ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ತಾವು ಮಾಸ್ಟರ್ ಬಿಚ್ಚುವಾಗ ರಬ್ಬರ್ ಹೋಸನ್ನೂ ಒಮ್ಮೆ ನೋಡಿ. ಹಳೆಯ ಹೋಸ್ ಕಾದಾಗ ಉಬ್ಬಿ ಒತ್ತಡವನ್ನು ನುಂಗುತ್ತದೆ. ಒಳಪದರ ಕಿತ್ತು ದಾರಿ ಮುಚ್ಚಿದರೆ ಪೆಡಲ್ ಬಿಟ್ಟ ಮೇಲೂ ಕ್ಲಚ್ ಬೇಗ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು:

ಬಿರಡೆ ಬಿಗಿದಾಗಲೂ ಪೆಡಲ್ ಕುಸಿಯಿತು. ವಾಷರ್ ಕಿಟ್ ಹಾಕಿದರೆ ಸಾಕೇ, ಸಿಲಿಂಡರನ್ನೇ ಬದಲಿಸಬೇಕೇ?

ಉತ್ತರ 1:

ಸಿಲಿಂಡರಿನ ಒಳಗೋಡೆಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ಗೀರು ಅಥವಾ ತುಕ್ಕಿನ ಚುಕ್ಕೆಗಳಿದ್ದರೆ ಹೊಸ ಕಿಟ್ ಬೇಗನೆ ಹರಿದುಹೋಗುತ್ತದೆ. ಗಾಡಿಯ ವಯಸ್ಸನ್ನು ನೋಡಿದರೆ ಇಡೀ ಸಿಲಿಂಡರ್ ಹಾಕಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲನ್ನೇ, ಹೊಸದಾಗಿ ಸೀಲ್ ಒಡೆದ ಡಬ್ಬದಿಂದ ಹಾಕಿ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲಿಗೆ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು, ತೇವ ಸೇರಿದ ಮೇಲೆ 140ಕ್ಕೆ ಇಳಿಯಬಹುದು. ಎಂಜಿನ್ ಆಯಿಲನ್ನಂತೂ ಹನಿಯಷ್ಟೂ ಸೇರಿಸಬೇಡಿ, ವಾಷರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಗಾಳಿ ತೆಗೆಯುವಾಗ ಪೆಡಲ್ ಕೆಳಗಿರುವಾಗಲೇ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಬಿಗಿದು, ನಂತರ ಪೆಡಲ್ ಬಿಡಬೇಕು. ಡಬ್ಬಿ ಬರಿದಾಗದಂತೆಯೂ ನೋಡಿಕೊಳ್ಳಬೇಕು. ಕೊನೆಯಲ್ಲಿ ಪೆಡಲ್ ರಾಡ್ ಮತ್ತು ಪಿಸ್ಟನ್ ನಡುವೆ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸಡಿಲ ಉಳಿದಿದೆಯೇ ನೋಡಿ. ಸಡಿಲವೇ ಇಲ್ಲದಂತೆ ಬಿಗಿದರೆ ಆಯಿಲ್ ಡಬ್ಬಿಗೆ ಮರಳುವ ರಂಧ್ರ ಮುಚ್ಚಿಕೊಂಡು, ಕಾದಾಗ ಹಿಗ್ಗಿದ ಆಯಿಲ್ ಕ್ಲಚ್ಚನ್ನು ತಾನಾಗಿಯೇ ಅರ್ಧ ಒತ್ತಿ ಹಿಡಿಯುತ್ತದೆ; ಆಗ ಚೆನ್ನಾಗಿರುವ ಪ್ಲೇಟೂ ಘಾಟಿಯಲ್ಲಿ ಜಾರಿ ಸುಟ್ಟುಹೋಗುತ್ತದೆ.