ವಿಂಡೋಸ್ 10 ಬಿಟ್ಟು 11ಕ್ಕೆ ಹೋದವರು ಅನುಭವ ಹೇಳಿ: ನುಡಿ ಫೈಲು, ಪ್ರಿಂಟರ್, ಟೋಕನ್ ಎಲ್ಲ ಸರಿ ಇರುತ್ತಾ?

ಕೇಳಿದವರು: ಡಿಟಿಪಿ ಅಂಗಡಿ, ಸಾಗರ ಕಡೆ

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ವಕೀಲರ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಇವೇ ಕೆಲಸ. ಎರಡು ಕಂಪ್ಯೂಟರಲ್ಲೂ ವಿಂಡೋಸ್ 10 ಇದೆ. 2025ರ ಅಕ್ಟೋಬರ್ 14ಕ್ಕೇ ಅದರ ಬೆಂಬಲ ನಿಂತಿದೆ. ಒಂದರಲ್ಲಿ 11 ಹಾಕಬಹುದು ಅಂತ ತೋರಿಸುತ್ತದೆ, ಇನ್ನೊಂದರಲ್ಲಿ ಆಗಲ್ಲ ಅನ್ನುತ್ತದೆ. ಅಂಗಡಿ ತೆರೆದಾಗಿನಿಂದ ಮಾಡಿದ ಕೆಲಸವೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿದೆ, ಅರ್ಧ ಪೇಜ್‌ಮೇಕರ್, ಅರ್ಧ ವರ್ಡ್. ಜೊತೆಗೆ ಹಳೇ ಲೇಸರ್ ಪ್ರಿಂಟರ್, ಗಿರಾಕಿಗಳ ಡಿಜಿಟಲ್ ಸಹಿ ಟೋಕನ್ ಇವೆ. ಬದಲಾಯಿಸಿದವರು ಏನೇನು ತೊಂದರೆ ಬಂತು, ಹೇಗೆ ಬಗೆಹರಿಸಿದಿರಿ ಅಂತ ದಯವಿಟ್ಟು ಬರೆಯಿರಿ.

ಉತ್ತರ: ಮುದ್ರಣಾಲಯ, ಧಾರವಾಡ

ನಿಮ್ಮ ಪರಿಸ್ಥಿತಿ ಪೂರ್ತಿ ಅರ್ಥ ಆಗ್ತದ. ನಮ್ಮಲ್ಲೂ ಇದೇ ಕೆಲಸ, ಇದೇ ಹಳೇ ಫೈಲು. ಮೊದಲ ಮಾತು: ಫೈಲು ಎಲ್ಲೂ ಹೋಗಂಗಿಲ್ಲ, ಗಾಬರಿ ಬ್ಯಾಡ. ಕಾಯಬೇಕಾದ್ದು ಫಾಂಟು.

ಹಳೇ ನುಡಿ, ಹಳೇ ಬರಹ ಸಾಫ್ಟ್‌ವೇರಿನ ಫೈಲಿನೊಳಗೆ ಯೂನಿಕೋಡ್ ಕನ್ನಡ, ಅಂದ್ರ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋ ಕನ್ನಡ, ಇರೂದಿಲ್ಲ. ಇಂಗ್ಲಿಷ್ ಅಕ್ಷರ, ಯುರೋಪಿನ ಚಿಹ್ನೆಗಳ ಸಂಕೇತಗಳಷ್ಟೇ ಇರ್ತಾವ. ಆ ಸಂಕೇತಕ್ಕೆ ಕನ್ನಡದ ರೂಪ ಕೊಡೂದು ಫಾಂಟ್. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರಲಿಲ್ಲ ಅಂದ್ರ ವಾರ್ಷಿಕ ವರದಿ ತೆರೆದ ಕೂಡಲೇ ಪುಟದ ತುಂಬ ತಲೆಮೇಲೆ ಗೆರೆ ಹಾಕಿದ ಇಂಗ್ಲಿಷ್ ಅಕ್ಷರ ಕಾಣ್ತಾವ. ಫೈಲ್ ಕೆಟ್ಟಿತು ಅಂತ ಅಳಿಸಿದವರನ್ನು ನೋಡೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತೀನಿ. ಫೈಲ್ ಸರಿ ಇರ್ತದ, ಫಾಂಟ್ ಹಾಕಿದ್ರ ಕನ್ನಡ ವಾಪಸ್ ಬರ್ತದ.

ಹಂಗಾಗಿ ಏನೂ ಮಾಡೂಕಿಂತ ಮೊದಲು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡ್ರಿ. ನಿಮ್ಮ ಹಳೇ ನುಡಿಯ ಇನ್‌ಸ್ಟಾಲರ್ ಫೈಲ್ ಇದ್ದರ ಅದನ್ನೂ ಇಡ್ರಿ. ನುಡಿಯ ಹೊಸ ಆವೃತ್ತಿ ಹಾಕಿದ್ರ ಹಳೇ ಫಾಂಟ್ ಎಲ್ಲಾ ತಾನೇ ಬರ್ತಾವ ಅಂತ ನಂಬಿ ಕೂಡಬ್ಯಾಡ್ರಿ.

ಇನ್ನೊಂದು ಸಣ್ಣ ಸಂಗತಿ, ಇದರಿಂದ ಒಂದಿಡೀ ದಿನ ಹಾಳಾಗಬಹುದು. ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದ್ರ ಅದು ಆ ಒಬ್ಬ ಬಳಕೆದಾರನ ಖಾತೆಗೆ ಮಾತ್ರ ಸೇರ್ತದ. ವಿಂಡೋಸ್ 10ರ ನಡುವಿನ ಒಂದು ಆವೃತ್ತಿಯಿಂದ ಹಿಂಗೇ ಅದ. ವರ್ಡ್‌ಗೆ ಕಾಣ್ತದ, ಪೇಜ್‌ಮೇಕರಿನಂಥ ಹಳೇ ಸಾಫ್ಟ್‌ವೇರಿಗೆ ಕಾಣದೇ ಹೋಗಬಹುದು. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ, "ಶೋ ಮೋರ್ ಆಪ್ಷನ್ಸ್" ಒತ್ತಿ, ಅದರೊಳಗ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಆರಿಸ್ರಿ. ಎಲ್ಲಾ ಫಾಂಟ್ ಒಟ್ಟಿಗೆ ಆಯ್ಕೆ ಮಾಡಿಯೂ ಹಾಕಬಹುದು.

ಪೇಜ್‌ಮೇಕರ್ ತೆರೆದಾಗ ಫಾಂಟ್ ಸಿಗಲಿಲ್ಲ, ಬೇರೆ ಫಾಂಟ್ ಬಳಸಲೇ ಅಂತ ಕೇಳೋ ಡಬ್ಬಿ ಬಂದ್ರ, ಒಪ್ಪಿಗೆ ಕೊಟ್ಟು ಸೇವ್ ಮಾಡಬ್ಯಾಡ್ರಿ. ಮುಚ್ಚಿ, ಫಾಂಟ್ ಹಾಕಿ, ಮತ್ತೆ ತೆಗೀರಿ. ಸೇವ್ ಆತಂದ್ರ ಫಾಂಟಿನ ಹೆಸರೇ ಫೈಲಿನೊಳಗ ಬದಲಾಗಬಹುದು. ಆಮೇಲೆ ಪ್ಯಾರಾ ಪ್ಯಾರಾ ಹಿಡಿದು ತಿದ್ದಬೇಕಾಗ್ತದ. ಅಂದ್ಹಂಗ ಪೇಜ್‌ಮೇಕರ್ 7 ಬಂದದ್ದು 2001ರಾಗ, ಅದೇ ಕೊನೇದು. ನಮ್ಮಲ್ಲಿ 11ರ ಮೇಲೂ ಓಡ್ತದ, ಆದ್ರ ಹೊಸ ಕೆಲಸ ಅದರಾಗ ಶುರು ಮಾಡೂದು ನಿಲ್ಲಿಸೀವಿ.

ಯೂನಿಕೋಡಿನಲ್ಲಿ ಮಾಡಿದ ಫೈಲಿಗೂ ಒಂದು ಪೆಟ್ಟು ಅದ. ತುಂಗಾ ಫಾಂಟ್ ಈಗ ವಿಂಡೋಸ್ ಜೊತೆ ತಾನೇ ಬರೂದಿಲ್ಲ. ಅದಿಲ್ಲದಾಗ ನಿರ್ಮಲಾ ಯುಐ ಬಂದು ಕೂಡ್ತದ, ಸಾಲುಗಳ ಅಂತರ ಬದಲಾಗಿ ಪುಟಗಳ ಲೆಕ್ಕ ತಪ್ತದ, ಪರಿವಿಡಿಯ ಪುಟಸಂಖ್ಯೆ ಎಲ್ಲಾ ಸುಳ್ಳಾಗ್ತಾವ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಾಗ "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಅಂತ ಅದ. ನೆಟ್ ಇದ್ದಾಗ ಅದನ್ನು ಹಾಕ್ಕೊಂಡ್ರ ತುಂಗಾ ವಾಪಸ್ ಬರ್ತದ.

ಉತ್ತರ: ತೆರಿಗೆ ಸಲಹೆಗಾರರ ಕಚೇರಿ, ಉಡುಪಿ

ಟೋಕನ್ ಬಗ್ಗೆ ನಾನು ಹೇಳುತ್ತೇನೆ. ಡಿಜಿಟಲ್ ಸಹಿಯ ಪ್ರಮಾಣಪತ್ರ ಇರುವುದು ಆ ಯುಎಸ್‌ಬಿ ಟೋಕನ್ ಒಳಗೆ, ಕಂಪ್ಯೂಟರಿನಲ್ಲಲ್ಲ. ಹಾಗಾಗಿ ಸಿಸ್ಟಮ್ ಬದಲಾದರೆ ಸಹಿ ಹೋಗುವುದಿಲ್ಲ. ಹೋಗುವುದು ಡ್ರೈವರ್, ಅಂದರೆ ಟೋಕನನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ಸಾಫ್ಟ್‌ವೇರ್, ಮಾತ್ರ. ಟೋಕನ್ ತಯಾರಿಸಿದವರ ಸೈಟಿನಿಂದ ವಿಂಡೋಸ್ 11ರ ಡ್ರೈವರನ್ನೇ ಇಳಿಸಿಕೊಳ್ಳಿ. ಟೋಕನ್ ಒಳಗೇ ಬರುವ ಹಳೇ ಡ್ರೈವರ್ ಒಮ್ಮೊಮ್ಮೆ ಇನ್‌ಸ್ಟಾಲ್ ಆದಂತೆ ಕಾಣುತ್ತದೆ, ಪೋರ್ಟಲಿನಲ್ಲಿ ಮಾತ್ರ ಪ್ರಮಾಣಪತ್ರ ತೋರಿಸುವುದಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಸಹಿ ಹಾಕಲು ಬೇಕಾದ ಎಮ್‌ಸೈನರ್ ಸಾಫ್ಟ್‌ವೇರನ್ನೂ ಹೊಸದಾಗಿ ಹಾಕಬೇಕು. ಸಹಿ ಆಗಲಿಲ್ಲ ಎಂದು ಅಂದಾಜಿನ ಮೇಲೆ ಪಿನ್ ಒತ್ತುತ್ತಾ ಹೋಗಬೇಡಿ, ಪದೇ ಪದೇ ತಪ್ಪಾದರೆ ಟೋಕನ್ ಲಾಕ್ ಆಗುತ್ತದೆ. ಗಿರಾಕಿಯ ಟೋಕನ್ ಎಂದರೆ ನೂರು ಸಲ ಯೋಚಿಸಬೇಕು.

ಯಾವಾಗ ಮಾಡುತ್ತೀರಿ ಎನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಈ ಎರಡು ಜಿಎಸ್‌ಟಿ ರಿಟರ್ನ್‌ಗಳ ಗಡುವು. ನಮ್ಮ ಕಚೇರಿಯಲ್ಲಿ 20 ಕಳೆದ ಮೇಲಷ್ಟೇ ಯಾವುದೇ ಕಂಪ್ಯೂಟರಿಗೆ ಕೈಹಾಕುತ್ತೇವೆ. ನಿಮಗೆ ಮದುವೆ ಸೀಸನ್, ಸೊಸೈಟಿಗಳ ಮಹಾಸಭೆಯ ಸಮಯ ಇರುತ್ತದಲ್ಲ, ಅವೆರಡನ್ನೂ ಬಿಟ್ಟು ದಿನ ಆರಿಸಿ. ಎರಡೂ ಯಂತ್ರ ಒಂದೇ ವಾರ ಬೇಡ.

ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿ ಇಳಿಸಿಟ್ಟುಕೊಳ್ಳಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಎರಡು ಪ್ರಿಂಟರ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್" ಎನ್ನುವುದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಕೊನೆಗೆ ಬಳಸಿದ್ದೇ ಡೀಫಾಲ್ಟ್ ಆಗುತ್ತದೆ. ಕಪ್ಪು-ಬಿಳುಪು ಕೆಲಸ ಬಣ್ಣದ ಪ್ರಿಂಟರಿಗೆ ಹೋಗಿ ಇಂಕ್ ಖರ್ಚಾಗುತ್ತದೆ.

ಉತ್ತರ: ಪುಸ್ತಕದಂಗಡಿ, ದಾವಣಗೆರೆ

64 ಬಿಟ್ ಮಾತಿಗೆ ಒಂದು ಸೇರಿಸ್ತೀನಿ. ಡಾಸ್ ಕಾಲದ ಲೆಕ್ಕದ ಸಾಫ್ಟ್‌ವೇರ್ ಇನ್ನೂ ಬಳಸ್ತಿದ್ದರೆ, ಅದು 32 ಬಿಟ್ ವಿಂಡೋಸ್ 10ರಲ್ಲಿ ಓಡ್ತಿದ್ದರೂ 11ರಲ್ಲಿ ನೇರವಾಗಿ ಓಡಲ್ಲ. ನಾವು ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿ ಹಳೇ ವರ್ಷಗಳ ಲೆಕ್ಕ ನೋಡೋಕೆ ಮಾತ್ರ ಇಟ್ಟುಕೊಂಡಿದ್ದೀವಿ. 32 ಬಿಟ್‌ನಿಂದ 11ಕ್ಕೆ ಇದ್ದ ಹಾಗೇ ಅಪ್‌ಗ್ರೇಡ್ ಕೂಡ ಆಗಲ್ಲ, ಹೊಸದಾಗೇ ಹಾಕಬೇಕು.

ಉತ್ತರ: ಕಂಪ್ಯೂಟರ್ ಸಪೋರ್ಟ್ ಕೆಲಸ, ಬೆಂಗಳೂರು

"ಆಗಲ್ಲ" ಅಂತಿರೋ ಯಂತ್ರದ ವಿಷಯ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್, ನಂಬಿಕೆಯ ಸಾಫ್ಟ್‌ವೇರಿನಿಂದಲೇ ಯಂತ್ರ ಶುರುವಾಗುವಂತೆ ನೋಡೋ ಸೆಕ್ಯೂರ್ ಬೂಟ್, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಪೀಳಿಗೆಯ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆಪ್ ಓಡಿಸಿದ್ರೆ ಯಾವುದು ಕಡಿಮೆ ಅಂತ ಬಿಡಿಸಿ ಹೇಳುತ್ತೆ. ಟಿಪಿಎಂ ಇಲ್ಲ ಅಂದ್ರೆ ನಿರಾಶರಾಗಬೇಡಿ, ಬಹಳಷ್ಟು ಬೋರ್ಡ್‌ಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚೆ ಬರೋ ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರುತ್ತೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಹುಡುಕಿ. ಪ್ರೊಸೆಸರೇ ಹಳೇದು ಅಂದ್ರೆ ಮಾತ್ರ ಬೇರೆ ದಾರಿ ನೋಡಬೇಕು.

ತಪಾಸಣೆ ತಪ್ಪಿಸಿ 11 ಹಾಕಿಕೊಡ್ತೀವಿ ಅನ್ನೋ ಅಂಗಡಿಗಳಿವೆ. ಹಾಕಬಹುದು, ಓಡುತ್ತೆ ಕೂಡ. ಆದ್ರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಯಾರೂ ಖಾತ್ರಿ ಕೊಡಲ್ಲ. ದುಡಿಯೋ ಯಂತ್ರಕ್ಕೆ ಅದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅದರ ಬದಲು 10ರಲ್ಲೇ ಇದ್ದು ಹೆಚ್ಚುವರಿ ಸುರಕ್ಷಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿ. ಮನೆ ಬಳಕೆಯ ಆವೃತ್ತಿಗೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತೆ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸನ್ನ ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದ್ರೆ ದುಡ್ಡಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತೆ.

ಈಗ ಯಾರೂ ಮುಂಚೆ ಹೇಳದ ಒಂದು ಅಪಾಯ. ಹೊಸ ಯಂತ್ರ ತಗೊಂಡ್ರೆ, ಅಥವಾ 24ಎಚ್2 ಮತ್ತು ನಂತರದ ಆವೃತ್ತಿಯನ್ನ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ್ರೆ, ಡಿಸ್ಕ್ ತಾನೇ ಗೂಢಲಿಪಿಗೆ ಹೋಗಬಹುದು, ಹೋಮ್ ಆವೃತ್ತಿಯಲ್ಲೂ. ಕಳವಾದ್ರೆ ಮಾಹಿತಿ ಭದ್ರ, ಅದು ಒಳ್ಳೇದೇ. ಆದ್ರೆ ನಾಳೆ ಬಯಾಸ್ ಬದಲಾದ್ರೆ, ಬೋರ್ಡ್ ಹೋದ್ರೆ, ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದಿಲ್ಲದೆ ಡಿಸ್ಕ್ ತೆರೆಯಲ್ಲ, ಯಾವ ಡೇಟಾ ರಿಕವರಿಯವರೂ ತೆರೆಯಲಾರರು. ನಮ್ಮ ಪರಿಚಯದ ಒಬ್ಬ ಶಿಕ್ಷಕಿಗೆ ಹೀಗಾಯ್ತು. ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ತನ್ನದೇ ಇಮೇಲ್ ಕೊಟ್ಟು ಸೆಟಪ್ ಮುಗಿಸಿದ್ದ. ಕೀ ಆ ಇಮೇಲ್ ಖಾತೆಯಲ್ಲಿತ್ತು, ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಆಕೆಯ ಶಾಲೆಯ ಫೋಟೋ, ಪಾಠದ ಟಿಪ್ಪಣಿ ಯಾವುದೂ ಸಿಗಲಿಲ್ಲ. ನೆನೆದ್ರೆ ಈಗಲೂ ಸಂಕಟ ಆಗುತ್ತೆ. ದಯವಿಟ್ಟು ನಿಮ್ಮ ಸ್ವಂತ ಖಾತೆಯಿಂದಲೇ ಸೆಟಪ್ ಮಾಡಿಸಿ, ಮೊದಲ ದಿನವೇ ಕೀಯನ್ನ ಕಾಗದದ ಮೇಲೆ ಪ್ರಿಂಟ್ ತೆಗೆದು ಅಂಗಡಿಯ ಕಾಗದಪತ್ರದ ಜೊತೆ ಇಡಿ.

ಒನ್‌ಡ್ರೈವ್ ಕೂಡ ನೋಡಿಕೊಳ್ಳಿ. ಸೆಟಪ್ ವೇಳೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಅದರೊಳಗೆ ಹೋಗಿಬಿಟ್ಟಿರಬಹುದು. ಉಚಿತವಾಗಿ ಸಿಗೋದು 5 ಜಿಬಿ, ನಿಮ್ಮ ಲಗ್ನಪತ್ರಿಕೆ ಫೈಲುಗಳಿಗೆ ಅದು ಯಾವ ಮೂಲೆಗೂ ಸಾಲದು. ಫೈಲಿನ ಪಕ್ಕ ಮೋಡದ ಗುರುತಿದ್ರೆ ಅದು ನಿಮ್ಮ ಡಿಸ್ಕ್‌ನಲ್ಲಿಲ್ಲ ಅಂತ ಅರ್ಥ. ಮಳೆಗಾಲದಲ್ಲಿ ನೆಟ್ ಹೋದಾಗ ಗಿರಾಕಿ ಎದುರಿಗೆ ಕೂತಿದ್ರೂ ತೆರೆಯಲ್ಲ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ "ಮ್ಯಾನೇಜ್ ಬ್ಯಾಕಪ್" ತೆಗೆದು ನಿಲ್ಲಿಸಿ, ಫೈಲುಗಳು ಹಳೇ ಜಾಗಕ್ಕೆ ಬಂದವಾ ಅಂತ ಕಣ್ಣಾರೆ ನೋಡಿ. ಅಂಗಡಿ ಕೆಲಸಕ್ಕೆ ಡಿ ಡ್ರೈವ್, ಜೊತೆಗೊಂದು ಬಾಹ್ಯ ಹಾರ್ಡ್‌ಡಿಸ್ಕ್, ಇದಕ್ಕಿಂತ ನಂಬಿಕೆಯದ್ದು ಇಲ್ಲ.

ಉತ್ತರ: ಗೃಹಿಣಿ, ಹಾಸನ

ಮಾವನವರಿಗೆ 11 ಹಾಕಿಸಿದಾಗ ಅವರಿಗೆ ಕಷ್ಟವಾಗಿದ್ದು ಸ್ಟಾರ್ಟ್ ಬಟನ್ ನಡುವಿಗೆ ಹೋಗಿದ್ದು. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅಲೈನ್‌ಮೆಂಟ್ ಎಡಕ್ಕೆ ಮಾಡಿದ ಮೇಲೆ ಸಮಾಧಾನವಾಯ್ತು. ರೈಟ್ ಕ್ಲಿಕ್‌ನಲ್ಲಿ ಹಳೇ ಪಟ್ಟಿ ಬೇಕಾದ್ರೆ ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿ.

ಉತ್ತರ: ಕಾಲೇಜು ಅಧ್ಯಾಪಕ, ಮೈಸೂರು

11 ಒಲ್ಲದ ಎರಡನೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಯೋಚಿಸಿ. ನಮ್ಮ ವಿಭಾಗದ ಹಳೇ ಯಂತ್ರಗಳಿಗೆ ಮಿಂಟ್ 22 ಹಾಕಿದ್ದೇವೆ, ಅದಕ್ಕೆ 2029ರವರೆಗೆ ಬೆಂಬಲವಿದೆ. ಟಿಪಿಎಂ ಕೇಳುವುದಿಲ್ಲ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿಯ ಕೀಲಿಮಣೆಯಲ್ಲಿ, ಟೈಪ್ ಮಾಡಿ ಕೈ ಕೂತವರಿಗೆ ಕಗಪ ಎಂಬ ಹೆಸರಲ್ಲಿ ಅದೇ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ. ವಿಂಡೋಸ್ ಜೊತೆಗೆ ಬರುವುದು ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಎರಡೇ, ನುಡಿಯ ವಿನ್ಯಾಸ ಬೇಕಾದರೆ ಅಲ್ಲಿ ನುಡಿಯನ್ನೇ ಹಾಕಬೇಕು. ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ.

ಮಿತಿಯನ್ನೂ ಹೇಳಿಬಿಡುತ್ತೇನೆ. ಪೇಜ್‌ಮೇಕರ್ ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ, ಸಹಿ ಟೋಕನ್ ಕೆಲಸವನ್ನು ವಿಂಡೋಸ್ ಯಂತ್ರಕ್ಕೇ ಬಿಡಿ. ಯೂನಿಕೋಡ್ ಟೈಪಿಂಗ್, ಪಿಡಿಎಫ್, ಆನ್‌ಲೈನ್ ಅರ್ಜಿ ತುಂಬುವುದು, ಸ್ಕ್ಯಾನಿಂಗ್ ಇಷ್ಟಕ್ಕೆ ಆ ಯಂತ್ರ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರವಾಯ್ತು. ಮೂರು ಕೇಳ್ತೀನಿ. ಅಪ್‌ಗ್ರೇಡ್ ಆದ ಮೇಲೆ ಸರಿಬರದಿದ್ದರೆ 10ಕ್ಕೆ ವಾಪಸ್ ಬರಬಹುದಾ? ಇಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿ, ಅದಕ್ಕೇನು ಮಾಡೋದು? ಮತ್ತೆ ಹಳೇ ನುಡಿ ಫೈಲನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿಬಿಟ್ಟರೆ ಈ ಫಾಂಟ್ ರಗಳೆಯೇ ಇರಲ್ಲ ಅಲ್ವಾ?

ಉತ್ತರ: ಬೆಂಗಳೂರು

ಇದ್ದ ಸಿಸ್ಟಮ್ ಮೇಲೆಯೇ ಅಪ್‌ಗ್ರೇಡ್ ಮಾಡಿದ್ರೆ 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿ ವಾಪಸ್ ಬರಬಹುದು. ಅಲ್ಲಿವರೆಗೆ ಹಳೇ ಸಿಸ್ಟಮ್ ಇರೋ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನ ಜಾಗ ಸಾಲದು ಅಂತ ಅಳಿಸಬೇಡಿ, ಅದು ಹೋದ್ರೆ ದಾರಿ ಮುಚ್ಚಿತು. ಆ 10 ದಿನದಲ್ಲಿ ಪ್ರಿಂಟರ್, ಟೋಕನ್, ಸ್ಕ್ಯಾನರ್, ಒಂದು ಹಳೇ ಪೇಜ್‌ಮೇಕರ್ ಫೈಲ್ ಎಲ್ಲಾ ಓಡಿಸಿ ನೋಡಿಬಿಡಿ. ಡೌನ್‌ಲೋಡ್ ಹಲವು ಜಿಬಿ ಆಗುತ್ತೆ. ಫೈಬರ್ ಇರೋ ಗೆಳೆಯರ ಮನೆಯಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಗೆ ಕಡಿಮೆಯಿಲ್ಲದ ಖಾಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ. ಆಮೇಲೆ ಹಾಟ್‌ಸ್ಪಾಟನ್ನ "ಮೀಟರ್ಡ್ ಕನೆಕ್ಷನ್" ಅಂತ ಗುರುತು ಮಾಡಿ, ದೊಡ್ಡ ಅಪ್‌ಡೇಟ್ ಹೇಳದೆ ಕೇಳದೆ ಇಳಿಯೋದು ನಿಲ್ಲುತ್ತೆ. ಅಪ್‌ಗ್ರೇಡ್ ದಿನ ಯುಪಿಎಸ್ ಬ್ಯಾಟರಿ ಸರಿ ಇರಲಿ.

ಉತ್ತರ: ಧಾರವಾಡ

ಎಲ್ಲಾ ಒಮ್ಮೆಗೇ ಬದಲಾಯಿಸಬ್ಯಾಡ್ರಿ. ಪ್ರತಿ ವರ್ಷ ವಾಪಸ್ ಬರೋ ಕೆಲಸ ಮಾತ್ರ ಬದಲಾಯಿಸ್ರಿ, ಅಂದ್ರ ವಾರ್ಷಿಕ ವರದಿ, ಸದಸ್ಯರ ಪಟ್ಟಿ, ಅರ್ಜಿ ನಮೂನೆ. ಉಳಿದವು ಫಾಂಟ್ ಜೊತೆ ಹಂಗೇ ಇರಲಿ, ಮೂಲ ಫೈಲ್ ಅಂತೂ ಅಳಿಸಲೇಬ್ಯಾಡ್ರಿ. ಕನ್ವರ್ಟರ್ ನುಡಿಯಲ್ಲೂ ಅದ, ಬರಹದಲ್ಲೂ ಅದ. ಬರೀ ಪಠ್ಯ ನಕಲು ಮಾಡಿ ಹಾಕಿದ್ರ ಕೋಷ್ಟಕ ಚದುರ್ತಾವ. ನಡುವೆ ಇರೋ ಇಂಗ್ಲಿಷ್ ಶಬ್ದಗಳೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಆಗ್ತಾವ, ಯಾಕಂದ್ರ ಎರಡಕ್ಕೂ ಒಳಗಿನ ಸಂಕೇತ ಒಂದೇ. ಬ್ಯಾಂಕಿನ ಐಎಫ್‌ಎಸ್‌ಸಿ, ಪ್ಯಾನ್ ನಂಬರ್ ಇರೋ ಪುಟ ಇದ್ದರ ಆ ಸಾಲುಗಳನ್ನು ಮೂಲದ ಜೊತೆ ಹಿಡಿದು ಓದ್ರಿ.

ಅರ್ಕಾವತ್ತಿನ ಮೇಲೂ ಕಣ್ಣಿಡ್ರಿ. ಹಿಂದೆ ಟೈಪ್ ಮಾಡಿದವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತರ ಅಂಕಿ ಒತ್ತಿದ್ರ, ಬದಲಾದ ಮೇಲೆ "ಕರ್ನಾಟಕ" ಹೋಗಿ "ಕನಾ೯ಟಕ" ಆಗ್ತದ. ನೋಡೂಕೆ ಸರಿ ಕಾಣ್ತದ, ಹುಡುಕಿದ್ರ ಸಿಗೂದಿಲ್ಲ, ಅಕಾರಾದಿ ಹಚ್ಚಿದ್ರ ಸದಸ್ಯರ ಹೆಸರು ಎಲ್ಲೋ ಹೋಗಿ ಕೂಡ್ತದ. ಬದಲಾಯಿಸಿದ ಪ್ರತಿ ಫೈಲಿನಾಗ ಫೈಂಡ್ ತೆಗೆದು ೯ ಕೊಟ್ಟು ಒಂದೊಂದೇ ನೋಡಿ ತಿದ್ರಿ. ರಿಪ್ಲೇಸ್ ಆಲ್ ಮಾತ್ರ ಒತ್ತಬ್ಯಾಡ್ರಿ, ನಿಜವಾದ ಒಂಬತ್ತೂ ಅದರಾಗ ಇರ್ತಾವ.